ಕರಾವಳಿಯ ಹೆದ್ದಾರಿ

ಬ್ರಹ್ಮಾವರದಿಂದ ಕುಂದಾಪುರದ ಮಾರ್ಗವಾಗಿ ಬೈಂದೂರಿಗೆ ಹೋಗುವ ಪ್ರಯಾಣಿಕನು ರಸ್ತೆಯ ಬದಿಯಲ್ಲಿ ತಲೆಗೆ ಹಳದಿ ಬಣ್ಣ ಬಳಿದ ಕಿಲೋಮೀಟರ್ ಕಲ್ಲುಗಳನ್ನು ಕಾಣುತ್ತಾನೆ. ಅವುಗಳ ಮೇಲೆ ಮುಂದಿನ ಊರಿನ ಹೆಸರು, ಅಲ್ಲಿಗಿರುವ ದೂರ ಹಾಗೂ 66 ಎಂಬ ಸಂಖ್ಯೆ ಇರುತ್ತವೆ. ಊರಿನ ಹೆಸರಾಗಲಿ ದೂರವಾಗಲಿ ಯಾರಿಗೂ ಒಗಟಲ್ಲ. ಆದರೆ ಈ 66 ಎಂಬುದು ಏನು? ಇದೇ ರಸ್ತೆಯನ್ನು ಊರಿನ ಹಿರಿಯರು ಇಂದಿಗೂ 17 ಎಂದು ಕರೆಯುವುದೇಕೆ? ಅವರಿಗಿಂತ ಹಿಂದಿನವರು ಯಾವ ಸಂಖ್ಯೆಯೂ ಇಲ್ಲದೆ ಇದರ ಮೇಲೆ ನಡೆದದ್ದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಹೊರಟರೆ ಸುಮಾರು 55 ಕಿಲೋಮೀಟರ್ ಉದ್ದದ ಈ ದಾರಿಯಲ್ಲಿ ಹಲವು ಶತಮಾನಗಳ ಚರಿತ್ರೆ ತೆರೆದುಕೊಳ್ಳುತ್ತದೆ.

ರಸ್ತೆಯೆಂಬುದು ಒಮ್ಮೆ ಹಾಕಿದ ಗೆರೆಯಂತೆ ಸ್ಥಿರವಾಗಿ ನಿಲ್ಲುವುದಿಲ್ಲ. ನದಿ ಪಾತ್ರವನ್ನು ಬದಲಾಯಿಸುವಂತೆ ರಸ್ತೆಯೂ ತನ್ನ ಜಾಡನ್ನು ಬದಲಾಯಿಸುತ್ತದೆ. ಅದು ಹತ್ತಿರ ಬಂದಾಗ ಊರು ಬೆಳೆಯುತ್ತದೆ, ದೂರ ಸರಿದಾಗ ಪೇಟೆ ಸೊರಗುತ್ತದೆ. ಈ ಮಾತಿಗೆ ಬಸರೂರು ಮತ್ತು ಬಾರಕೂರುಗಳಿಗಿಂತ ಉತ್ತಮ ನಿದರ್ಶನಗಳು ಬೇರೆ ಬೇಕಿಲ್ಲ.

ಇಂದು ಬಸರೂರು ಕುಂದಾಪುರಕ್ಕೆ ಕೆಲವು ಕಿಲೋಮೀಟರ್ ಪೂರ್ವದಲ್ಲಿಯೂ, ಬಾರಕೂರು ಬ್ರಹ್ಮಾವರದಿಂದ ಒಳಕ್ಕೆ ಸೀತಾನದಿಯ ಸಮೀಪದಲ್ಲಿಯೂ ಇವೆ. ಹೆದ್ದಾರಿಯಲ್ಲಿ ಹೋಗುವವರಿಗೆ ಇವೆರಡೂ ಕಾಣಸಿಗುವುದಿಲ್ಲ. ಆದರೆ ಒಂದು ಕಾಲದಲ್ಲಿ ಕರಾವಳಿಯ ಸಂಪತ್ತೆಲ್ಲವೂ ಈ ಎರಡು ಊರುಗಳ ಮೂಲಕ ಹಾದುಹೋಗುತ್ತಿತ್ತು. ಬಾರಕೂರು ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಆಡಳಿತ ಕೇಂದ್ರವಾಗಿತ್ತು. ಬಸರೂರು ಅರಬ್ಬರೂ ಪೋರ್ಚುಗೀಸರೂ ಅರಸಿ ಬಂದ ಬಂದರಾಗಿತ್ತು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಈ ಪಟ್ಟಣವನ್ನು ಸೂರೆಗೊಂಡನೆಂದರೆ ಇದರ ಐಶ್ವರ್ಯ ಎಷ್ಟಿತ್ತೆಂಬುದನ್ನು ಊಹಿಸಬಹುದು.

1340ರ ದಶಕದಲ್ಲಿ ಮೊರಾಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತ ಈ ಕರಾವಳಿಗೆ ಹಡಗಿನಲ್ಲಿ ಬಂದನು. ಆತನ ಪ್ರವಾಸಕಥನದಲ್ಲಿ ಬಸರೂರು, ಬಾರಕೂರುಗಳೆರಡೂ ಅರಬ್ಬೀ ಉಚ್ಚಾರಣೆಗೆ ಹೊಂದಿಕೊಂಡ ಹೆಸರುಗಳಲ್ಲಿ ಬರುತ್ತವೆ. ಗೋವೆಯಿಂದ ಕೊಲ್ಲಮಿನವರೆಗೆ ಸಾಗುವ ನೆಲದ ದಾರಿಯ ವಿಷಯವಾಗಿ ಆತನು ಹೇಳಿರುವುದು ಗಮನಾರ್ಹವಾಗಿದೆ. ಆ ದಾರಿಯುದ್ದಕ್ಕೂ ಮರಗಳ ನೆರಳಿತ್ತು. ಅರ್ಧ ಮೈಲಿಗೊಂದರಂತೆ ಮರದ ಮನೆಗಳಿದ್ದು, ದಣಿದವರು ಕುಳಿತುಕೊಳ್ಳಲು ಜಗಲಿಗಳೂ ಕುಡಿಯಲು ಬಾವಿಯ ನೀರೂ ಒದಗುತ್ತಿದ್ದುವು. ನೀರನ್ನು ಕೊಡುವುದಕ್ಕೆಂದೇ ಒಬ್ಬನು ಅಲ್ಲಿರುತ್ತಿದ್ದನು. ಚಕ್ರದ ಗಾಡಿಗಳು ಓಡಾಡುವ ರಾಜಮಾರ್ಗ ಅದಲ್ಲ, ಕಾಲ್ನಡಿಗೆಯವರ ದಾರಿ. ಆದುದರಿಂದಲೇ ಅದರ ಏರ್ಪಾಡುಗಳೆಲ್ಲವೂ ನಡೆಯುವವನ ದಣಿವನ್ನು ಅಳೆದು ಮಾಡಿದವುಗಳಾಗಿದ್ದುವು.

ಹಳೆಯ ಪೇಟೆಗಳು ಕಡಲ ದಡವನ್ನು ಬಿಟ್ಟು ಒಳಗೆ ನೆಲೆಸಲು ಕಾರಣವಿತ್ತು. ಘಟ್ಟದಿಂದ ಇಳಿದುಬರುವ ಅಕ್ಕಿ, ಮೆಣಸು ಮೊದಲಾದ ಸರಕುಗಳು ನದಿಯ ದಂಡೆಯಲ್ಲಿ ದೋಣಿಗೇರುತ್ತಿದ್ದುವು. ಸಣ್ಣ ಹಡಗುಗಳು ಅಳಿವೆಯನ್ನು ದಾಟಿ ಒಳಕ್ಕೆ ಬರುತ್ತಿದ್ದುವು. ಕಡಲಿನ ಬಿರುಗಾಳಿಯಿಂದಲೂ ಶತ್ರುಗಳ ಹಠಾತ್ ದಾಳಿಯಿಂದಲೂ ಅಲ್ಲಿ ಸ್ವಲ್ಪಮಟ್ಟಿಗೆ ರಕ್ಷಣೆಯಿತ್ತು. ಕಾಲಕ್ರಮದಲ್ಲಿ ವ್ಯಾಪಾರದ ರೀತಿ ಬದಲಾಯಿತು; ಆಳುವವರು ಬದಲಾದರು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕನ್ನಡ ಜಿಲ್ಲೆ ಇಂಗ್ಲಿಷರ ವಶವಾಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಸರ್ಕಾರದ ಆಜ್ಞೆಯಂತೆ ಈ ಸೀಮೆಯನ್ನು ಸಂಚರಿಸಿ ವರದಿ ಬರೆದನು. ಆತನು ಕುಂದಾಪುರ, ಕಿರಿಮಂಜೇಶ್ವರ, ಬೈಂದೂರುಗಳ ಮೂಲಕ ಭಟ್ಕಳದತ್ತ ಸಾಗಿದನು. ಇಂದಿನ ಹೆದ್ದಾರಿಯೂ ಬಹುಮಟ್ಟಿಗೆ ಇದೇ ಜಾಡಿನಲ್ಲಿದೆ. ಕುಂದಾಪುರವು ಆಡಳಿತದ ಊರಾಗಿ ಬೆಳೆದಂತೆ ದಾರಿಯ ಪ್ರಾಮುಖ್ಯವು ಪಶ್ಚಿಮಕ್ಕೆ ಸರಿಯಿತು. ಬಸರೂರು, ಬಾರಕೂರುಗಳು ದೇವಾಲಯಗಳ ಮತ್ತು ಶಾಸನಗಳ ಊರುಗಳಾಗಿ ಉಳಿದುವು.

ಆದರೂ ಕರಾವಳಿಯ ದಾರಿ ಬಹುಕಾಲ ಒಂದೇ ರಸ್ತೆಯೆನಿಸಿಕೊಳ್ಳಲಿಲ್ಲ. ಇದಕ್ಕೆ ಎರಡು ಅಡ್ಡಿಗಳಿದ್ದುವು. ಒಂದು ಮನುಷ್ಯರು ಎಳೆದ ಗಡಿ. ಇನ್ನೊಂದು ಪ್ರಕೃತಿಯು ಹರಿಸಿದ ನದಿಗಳು.

1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಕುಂದಾಪುರ ತಾಲ್ಲೂಕನ್ನು ಅದರಿಂದ ಬೇರ್ಪಡಿಸಿ, ಮದರಾಸು ಪ್ರಾಂತದಲ್ಲಿ ಉಳಿದ ದಕ್ಷಿಣ ಕನ್ನಡಕ್ಕೆ ಕೊಡಲಾಯಿತು. ಹೀಗಾಗಿ ಬೈಂದೂರಿನ ಉತ್ತರಕ್ಕಿರುವ ಶಿರೂರಿನಲ್ಲಿ ಮದರಾಸಿನ ಆಡಳಿತ ಮುಗಿದು, ಭಟ್ಕಳದ ಕಡೆಯಲ್ಲಿ ಮುಂಬಯಿಯ ಆಡಳಿತ ಆರಂಭವಾಗುತ್ತಿತ್ತು. ಭಾಷೆ ಒಂದೇ, ಕಡಲು ಒಂದೇ, ಬಂಧುಬಳಗವೂ ಒಂದೇ. ಆದರೆ ರಸ್ತೆಗೆ ಹಣ ಒದಗಿಸುವ ಖಜಾನೆಗಳು ಮಾತ್ರ ಎರಡು. ಪ್ರಾಂತದ ಕೊನೆಯಲ್ಲಿರುವ ರಸ್ತೆಗೆ ರಾಜಧಾನಿಯ ಗಮನ ದೊರೆಯುವುದು ಯಾವ ಕಾಲದಲ್ಲಿಯೂ ಕಷ್ಟವೇ ಸರಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಎರಡು ಕನ್ನಡ ಜಿಲ್ಲೆಗಳೂ ಒಂದೇ ರಾಜ್ಯವನ್ನು ಸೇರಿದ ಮೇಲೆ ಈ ಅಡ್ಡಿ ನಿವಾರಣೆಯಾಯಿತು.

ನದಿಗಳ ಅಡ್ಡಿ ಇನ್ನೂ ದೊಡ್ಡದಾಗಿತ್ತು. ಪಶ್ಚಿಮ ಘಟ್ಟದಿಂದ ಹುಟ್ಟಿ ಪಶ್ಚಿಮಕ್ಕೆ ಹರಿಯುವ ನದಿಗಳೆಲ್ಲವೂ ದಕ್ಷಿಣೋತ್ತರವಾಗಿ ಸಾಗುವ ದಾರಿಯನ್ನು ಅಡ್ಡ ಕತ್ತರಿಸುತ್ತವೆ. ಬ್ರಹ್ಮಾವರದ ದಕ್ಷಿಣಕ್ಕೆ ಕಲ್ಯಾಣಪುರದ ಬಳಿ ಸ್ವರ್ಣಾ ನದಿ, ಉತ್ತರಕ್ಕೆ ಮಾಬುಕಳದಲ್ಲಿ ಸೀತಾನದಿ. ಕುಂದಾಪುರವನ್ನು ದಾಟಿದರೆ ಪಂಚಗಂಗಾವಳಿಯ ವಿಶಾಲ ಜಲರಾಶಿ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಇಲ್ಲಿ ಕೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ನದಿಯ ದಡದಲ್ಲಿಯೂ ಪ್ರಯಾಣ ನಿಲ್ಲುತ್ತಿತ್ತು. ಬಸ್ಸಿನಲ್ಲಿ ಬಂದವರು ಇಳಿದು, ಗಂಟುಮೂಟೆಗಳನ್ನು ಹೊತ್ತು, ಕಡವಿನಲ್ಲಿ ದೋಣಿಯನ್ನೇರಿ, ಆಚೆಯ ದಡದಲ್ಲಿ ಇನ್ನೊಂದು ಬಸ್ಸಿಗಾಗಿ ಕಾಯಬೇಕಾಗಿತ್ತು. ವಾಹನಗಳನ್ನು ಸಾಗಿಸಬೇಕಾದರೆ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಬೇಕಾಗಿತ್ತು. ಮಳೆಗಾಲದ ನೆರೆಯಲ್ಲಿ ದೋಣಿಯವನು ಹುಟ್ಟನ್ನು ಕೆಳಗಿಟ್ಟನೆಂದರೆ ಆಚೆಯ ದಡದ ವೈದ್ಯನೂ ಇಲ್ಲ, ಪೇಟೆಯೂ ಇಲ್ಲ, ಶಾಲೆಯೂ ಇಲ್ಲ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಒಂದೊಂದಾಗಿ ಸೇತುವೆಗಳು ಎದ್ದುವು. ಬಿಡಿಬಿಡಿಯಾಗಿದ್ದ ದಾರಿಯ ತುಂಡುಗಳನ್ನು ಪೋಣಿಸಿ ಒಂದು ರಸ್ತೆಯನ್ನಾಗಿ ಮಾಡಿದ ಕೀರ್ತಿ ಈ ಸೇತುವೆಗಳಿಗೆ ಸಲ್ಲಬೇಕು. ಆದರೆ ಸೇತುವೆ ಎಲ್ಲಿ ನಿಲ್ಲಬೇಕೆಂಬ ನಿರ್ಧಾರದಿಂದ ಕೆಲವು ಊರುಗಳಿಗೆ ಲಾಭವಾದರೆ ಕೆಲವಕ್ಕೆ ಆಗಲಿಲ್ಲ. ಕುಂದಾಪುರದ ದಡದಲ್ಲಿ ನಿಂತವನಿಗೆ ಗಂಗೊಳ್ಳಿಯ ಮನೆಗಳು ಕಣ್ಣೆದುರಿಗೇ ಕಾಣುತ್ತವೆ. ಆದರೆ ಅಗಲವಾದ ಅಳಿವೆಯ ಬಾಯಿಯನ್ನು ಬಿಟ್ಟು, ನದಿಗಳು ಬೇರೆಬೇರೆಯಾಗಿ ಕಿರಿದಾಗಿ ಹರಿಯುವ ಕಡೆಯಲ್ಲಿ ಹೆದ್ದಾರಿಯು ಅವುಗಳನ್ನು ದಾಟಿತು. ಆದುದರಿಂದ ರಸ್ತೆಯಲ್ಲಿ ಹೋಗುವವರು ಹೆಮ್ಮಾಡಿ, ತ್ರಾಸಿಗಳ ಮೂಲಕ ಸುತ್ತಿ ಬಳಸಿಯೇ ಗಂಗೊಳ್ಳಿಯನ್ನು ತಲುಪಬೇಕು.

ಇನ್ನು ಸಂಖ್ಯೆಗಳ ವಿಚಾರ. 1943ರಲ್ಲಿ ದೇಶದ ಪ್ರಾಂತಗಳ ಹಾಗೂ ಸಂಸ್ಥಾನಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸಭೆ ಸೇರಿ ರಸ್ತೆಗಳ ಬೆಳವಣಿಗೆಗೆ ಒಂದು ಯೋಜನೆಯನ್ನು ಸಿದ್ಧಪಡಿಸಿದರು. ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ವರ್ಗೀಕರಿಸುವ ಪದ್ಧತಿ ಅಲ್ಲಿ ಸ್ಪಷ್ಟರೂಪವನ್ನು ಪಡೆಯಿತು. ದೇಹದಲ್ಲಿ ಮಹಾಧಮನಿಯಿಂದ ಕಿರುನಾಳಗಳವರೆಗೆ ರಕ್ತ ಹರಿಯುವಂತೆ ಸಂಚಾರವು ದೊಡ್ಡ ರಸ್ತೆಯಿಂದ ಸಣ್ಣ ರಸ್ತೆಗೆ ಹಂಚಿಹೋಗಬೇಕೆಂಬುದು ಇದರ ತತ್ತ್ವ. 1956ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯಾಯಿತು. ಇದರಂತೆ ರಾಷ್ಟ್ರೀಯ ಹೆದ್ದಾರಿಗಳ ಹೊಣೆ ಕೇಂದ್ರ ಸರ್ಕಾರದ್ದು. ರಾಜ್ಯ ಹೆದ್ದಾರಿಗಳ ಹೊಣೆ ರಾಜ್ಯ ಸರ್ಕಾರದ್ದು. ರಸ್ತೆಬದಿಯ ಕಲ್ಲಿನ ತಲೆ ಹಳದಿಯಾಗಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಹಸುರಾಗಿದ್ದರೆ ರಾಜ್ಯ ಹೆದ್ದಾರಿ ಎಂದು ತಿಳಿಯಬೇಕು. ಸಂಖ್ಯೆಯೂ ಬಣ್ಣವೂ ಅಲಂಕಾರಕ್ಕಾಗಿ ಇರುವುವಲ್ಲ. ಹೊಂಡ ಬಿದ್ದಾಗ ಯಾರನ್ನು ಕೇಳಬೇಕು, ದುರಸ್ತಿಯ ಹಣ ಎಲ್ಲಿಂದ ಬರಬೇಕು ಎಂಬುದಕ್ಕೆ ಅವು ಉತ್ತರವಾಗಿವೆ.

ಪಶ್ಚಿಮ ಕರಾವಳಿಯ ರಸ್ತೆಗೆ ದೊರೆತ ಸಂಖ್ಯೆ 17. ಮಹಾರಾಷ್ಟ್ರದ ಪನವೇಲಿನಿಂದ ಹೊರಟು, ಗೋವೆಯನ್ನು ಹಾದು, ಕರ್ನಾಟಕದ ಮೂರು ಕರಾವಳಿ ಜಿಲ್ಲೆಗಳನ್ನು ದಾಟಿ, ಕೇರಳದ ಕೊಚ್ಚಿಯ ಬಳಿಯ ಇಡಪಳ್ಳಿಯಲ್ಲಿ ಇದು ಮುಗಿಯುತ್ತಿತ್ತು. ಅಲ್ಲಿಂದ ಕನ್ಯಾಕುಮಾರಿಗೆ ಹೋಗುವ ರಸ್ತೆಯ ಸಂಖ್ಯೆ 47. ದೇಶದಲ್ಲಿ ಹೆದ್ದಾರಿಗಳು ಹೆಚ್ಚಿದಂತೆ ಹಳೆಯ ಸಂಖ್ಯಾಕ್ರಮದಲ್ಲಿ ಗೊಂದಲ ಬೆಳೆಯಿತು. ಸಂಖ್ಯೆಯನ್ನು ಕೇಳಿದ ಮಾತ್ರಕ್ಕೆ ಆ ರಸ್ತೆ ಯಾವ ದಿಕ್ಕಿಗೆ ಹೋಗುತ್ತದೆ, ದೇಶದ ಯಾವ ಭಾಗದಲ್ಲಿದೆ ಎಂದು ತಿಳಿಯುವಂತಿರಲಿಲ್ಲ. ಆದುದರಿಂದ 2010ರಲ್ಲಿ ಕೇಂದ್ರ ಸರ್ಕಾರವು ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೂ ಹೊಸ ಸಂಖ್ಯೆಗಳನ್ನು ಗೊತ್ತುಮಾಡಿತು.

ಹೊಸ ಪದ್ಧತಿಯ ನಿಯಮ ಸರಳವಾಗಿದೆ. ಉತ್ತರ ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆಗಳು. ಇವು ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಹೆಚ್ಚುತ್ತವೆ. ಪೂರ್ವ ಪಶ್ಚಿಮವಾಗಿ ಸಾಗುವವುಗಳಿಗೆ ಬೆಸಸಂಖ್ಯೆಗಳು; ಇವು ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಹೆಚ್ಚುತ್ತವೆ. ಈ ನಿಯಮವನ್ನು ಬಲ್ಲವನಿಗೆ 66 ಎಂಬ ಸಂಖ್ಯೆಯೇ ಒಂದು ಭೂಪಟ. ಸಮಸಂಖ್ಯೆಯಾದುದರಿಂದ ಅದು ದಕ್ಷಿಣೋತ್ತರದ ರಸ್ತೆ. ದೊಡ್ಡ ಸಂಖ್ಯೆಯಾದುದರಿಂದ ದೇಶದ ಪಶ್ಚಿಮ ಭಾಗದ್ದು. ಹಳೆಯ 17ರೊಡನೆ ಹಳೆಯ 47ರ ಇಡಪಳ್ಳಿಯಿಂದಾಚೆಯ ಭಾಗವನ್ನೂ ಕೂಡಿಸಿದ್ದರಿಂದ ಹೊಸ 66 ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಐದು ರಾಜ್ಯಗಳಲ್ಲಿ ಹರಡಿತು. ಅಂತೆಯೇ ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ ಹಳೆಯ 48 ಈಗ 75 ಆಗಿದೆ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಗಳ ಮೂಲಕ ಸಾಗುವ ಹಳೆಯ 4 ಈಗ 48 ಎನಿಸಿಕೊಂಡಿದೆ. ಹಳೆಯ ಪುಸ್ತಕದಲ್ಲಿ 48 ಎಂದು ಓದಿ ಇಂದಿನ 48ನ್ನು ಹಿಡಿದವನು ಶಿರಾಡಿ ಘಾಟಿಗೆ ಬದಲಾಗಿ ದಾವಣಗೆರೆಗೆ ಹೋಗಿ ಸೇರುವನು!

ಮೂರು ಅಂಕೆಗಳ ಸಂಖ್ಯೆಗಳು ಕವಲುಗಳನ್ನು ಸೂಚಿಸುತ್ತವೆ. ಅವುಗಳ ಕೊನೆಯ ಎರಡು ಅಂಕೆಗಳು ಮೂಲ ಹೆದ್ದಾರಿಯ ಸಂಖ್ಯೆ; ಮೊದಲನೆಯ ಅಂಕೆ ಕವಲನ್ನು ಗುರುತಿಸುತ್ತದೆ. ಕವಲುಗಳು ಇನ್ನೂ ಹೆಚ್ಚಿದಲ್ಲಿ ಅಕ್ಷರವೊಂದನ್ನು ಜೊತೆಗೆ ಸೇರಿಸುತ್ತಾರೆ. ಬೈಂದೂರಿನಿಂದ ಕೊಲ್ಲೂರು, ನಾಗೋಡಿ, ಹೊಸನಗರ, ಶಿಕಾರಿಪುರಗಳ ಮೂಲಕ ರಾಣೆಬೆನ್ನೂರಿಗೆ ಹೋಗುವ ರಸ್ತೆಯ ಸಂಖ್ಯೆ 766ಸಿ. ಅದು 66ರ ಕುಟುಂಬಕ್ಕೆ ಸೇರಿದ್ದೆಂಬುದು ಸಂಖ್ಯೆಯಿಂದಲೇ ವ್ಯಕ್ತವಾಗುತ್ತದೆ. ವಿರಾಜಪೇಟೆಯಿಂದ ಮಲೆನಾಡಿನ ಉದ್ದಕ್ಕೂ ಬಂದು ಬೈಂದೂರಿನಲ್ಲಿ ಮುಗಿಯುವ 27ನೆಯ ರಾಜ್ಯ ಹೆದ್ದಾರಿಯ ಕೊಲ್ಲೂರು ಬೈಂದೂರು ಭಾಗವೂ ಹೀಗೆ ರಾಷ್ಟ್ರೀಯ ಹೆದ್ದಾರಿಯ ಜಾಡಿಗೆ ಸೇರಿತು. ಹಸುರು ತಲೆಯ ಕಲ್ಲುಗಳಿಗೆ ಹಳದಿ ಬಣ್ಣ ಬಂದಿತು. ತೀರ್ಥಹಳ್ಳಿಯಿಂದ ಆಗುಂಬೆಯ ಕಡಿದಾದ ತಿರುವುಗಳನ್ನಿಳಿದು ಹೆಬ್ರಿಯ ಮೂಲಕ ಉಡುಪಿ, ಮಲ್ಪೆಗಳಿಗೆ ಬರುವ ರಸ್ತೆ 169ಎ.

ಈ ಕವಲುಗಳ ಪೈಕಿ ಒಂದರ ಕಥೆ ವಿಶೇಷವಾದುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದಾಗ ಶರಾವತಿಯ ಹಿನ್ನೀರು ಅನೇಕ ಗ್ರಾಮಗಳನ್ನು ಮುಳುಗಿಸಿತು. ಉಳಿದ ಕೆಲವನ್ನು ಸಾಗರದ ಪೇಟೆಯಿಂದ ಬೇರ್ಪಡಿಸಿತು. ನಾಡಿಗೆ ಬೆಳಕನ್ನು ಕೊಟ್ಟ ಜನರು ಸಂತೆಗೂ ಆಸ್ಪತ್ರೆಗೂ ಲಾಂಚನ್ನು ಕಾಯುತ್ತಾ ದಡದಲ್ಲಿ ನಿಲ್ಲಬೇಕಾಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ 2025ರ ಜುಲೈ 14ರಂದು ತೆರೆದಾಗ ಆ ಕಾಯುವಿಕೆಗೆ ಅರವತ್ತು ವರ್ಷಗಳು ಕಳೆದಿದ್ದುವು. ಇದು 369ಇ ಸಂಖ್ಯೆಯ ಹೆದ್ದಾರಿಯ ಮೇಲಿದೆ. ಹೊನ್ನಾವರದಿಂದ ಸಾಗರದ ಮೂಲಕ ಹೋಗುವ 69ರ ಕವಲು ಇದೆಂಬುದು ಈಗ ಹೇಳದೆಯೇ ತಿಳಿಯುತ್ತದೆ. ಸಾಗರದಿಂದ ಕೊಲ್ಲೂರಿಗೂ, ಅಲ್ಲಿಂದ ಬೈಂದೂರಿಗೂ ಬರುವ ದಾರಿ ಇದರಿಂದ ಹತ್ತಿರವಾಯಿತು. ದಶಕಗಳ ಹಿಂದೆ ಕುಂದಾಪುರದ ನದೀತೀರಗಳಲ್ಲಿ ನಡೆದ ಬದಲಾವಣೆಯೇ ಘಟ್ಟದ ಮೇಲೆ ತಡವಾಗಿ ನಡೆಯಿತೆನ್ನಬಹುದು.

ಹೆದ್ದಾರಿ ಪಶ್ಚಿಮಕ್ಕೆ ಸರಿದಾಗ ಹಿಂದೆ ಉಳಿದ ಒಳನಾಡಿನ ಊರುಗಳಿಗೆ ಇನ್ನೊಂದು ಮಾರ್ಗ ಬಂದಿತು. 1998ರಲ್ಲಿ ಕೊಂಕಣ ರೈಲುಮಾರ್ಗದಲ್ಲಿ ಸಂಚಾರ ಪೂರ್ಣವಾಗಿ ಆರಂಭವಾಯಿತು. ಈ ಮಾರ್ಗವು ಪೇಟೆಗಳ ನಡುವೆ ನುಗ್ಗದೆ ಪೂರ್ವದ ಜಾಡನ್ನು ಹಿಡಿಯಿತು. ಆದುದರಿಂದ ಕುಂದಾಪುರದ ರೈಲುನಿಲ್ದಾಣವು ಪಟ್ಟಣದಲ್ಲಿಲ್ಲ; ಬಸರೂರಿಗೆ ಸಮೀಪದ ಮೂಡ್ಲಕಟ್ಟೆಯಲ್ಲಿದೆ. ಬ್ರಹ್ಮಾವರದ ಕಡೆಯ ನಿಲ್ದಾಣಕ್ಕೆ ಬಾರಕೂರಿನ ಹೆಸರೇ ಇದೆ. ಹಳೆಯ ದಾರಿಯನ್ನು ನೆನೆದು ಎಂಜಿನಿಯರುಗಳು ಹೀಗೆ ಮಾಡಿದರೆಂದಲ್ಲ. ಆದರೂ ರಸ್ತೆ ಬಿಟ್ಟುಹೋದ ಎರಡು ಪುರಾತನ ಪಟ್ಟಣಗಳ ಪಕ್ಕದಲ್ಲಿಯೇ ಹಳಿಗಳು ಹಾದುಹೋದುದು ಗಮನಿಸತಕ್ಕ ವಿಷಯ.

ಹೆದ್ದಾರಿಯ ಇತ್ತೀಚಿನ ಬದಲಾವಣೆ ಅದರ ಅಗಲದಲ್ಲಿ ಆದುದು. ಎರಡು ಸಾಲು ವಾಹನಗಳು ಎದುರುಬದುರಾಗಿ ಸಾಗುತ್ತಿದ್ದ ರಸ್ತೆಯನ್ನು, ನಡುವೆ ವಿಭಾಜಕವುಳ್ಳ ನಾಲ್ಕು ಸಾಲುಗಳ ರಸ್ತೆಯನ್ನಾಗಿ ಮಾಡುವ ಕೆಲಸವು 2010ರ ನಂತರದ ವರ್ಷಗಳಲ್ಲಿ ನಡೆಯಿತು. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲುಸೇತುವೆ ಹಲವು ವರ್ಷಗಳ ಕಾಲ ಅರ್ಧಕ್ಕೆ ನಿಂತಿದ್ದು, 2021ರಲ್ಲಿ ಸಂಚಾರಕ್ಕೆ ತೆರೆಯಿತು. ಈ ವಿಸ್ತರಣೆಯಿಂದ ಉಂಟಾದ ಪ್ರಯೋಜನ ಅಲ್ಪವಲ್ಲ. ಮಣಿಪಾಲ, ಮಂಗಳೂರುಗಳ ಆಸ್ಪತ್ರೆಗಳಿಗೆ ರೋಗಿಯನ್ನು ಒಯ್ಯುವ ವಾಹನಕ್ಕೆ ಪ್ರತಿಯೊಂದು ನಿಮಿಷವೂ ಅಮೂಲ್ಯ. ಗಂಗೊಳ್ಳಿಯ ಮೀನು ಕೆಡುವ ಮುನ್ನ ದೂರದ ಮಾರುಕಟ್ಟೆಯನ್ನು ಸೇರಬೇಕು. ಎದುರಿನಿಂದ ಬರುವ ವಾಹನಗಳಿಗೆ ಢಿಕ್ಕಿ ಹೊಡೆಯುವ ಅಪಾಯವೂ ವಿಭಾಜಕದಿಂದ ಕಡಿಮೆಯಾಗುತ್ತದೆ.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಕರಾವಳಿಯಲ್ಲಿ ಊರೆಂದರೆ ಒಂದೇ ಕಡೆ ಒತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಗದ್ದೆಗೊಂದು, ತೋಟಕ್ಕೊಂದು ಎಂಬಂತೆ ಮನೆಗಳು ಚದುರಿರುತ್ತವೆ. ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನ ಮೊದಲಾದ ಊರುಗಳು ರಸ್ತೆಯ ಎರಡು ಪಕ್ಕಗಳಿಗೂ ಹರಡಿವೆ. ಒಂದು ಪಕ್ಕದಲ್ಲಿ ಮನೆಯಿದ್ದರೆ ಮತ್ತೊಂದು ಪಕ್ಕದಲ್ಲಿ ಶಾಲೆ. ಈಚೆಗೆ ದೇವಸ್ಥಾನವಿದ್ದರೆ ಆಚೆಗೆ ಗದ್ದೆ. ಕಡಲ ಕಡೆಗೆ ಮೀನುಗಾರರ ಕೇರಿ, ಮೂಡಣಕ್ಕೆ ಸಂತೆ. ಹಳೆಯ ರಸ್ತೆ ಊರಿನ ಅಂಗಳದಂತಿತ್ತು. ಹೊಸ ರಸ್ತೆ ಎರಡು ದಡಗಳ ನಡುವೆ ಹರಿಯುವ ಮತ್ತೊಂದು ನದಿಯಂತಾಯಿತು. ಬ್ರಹ್ಮಾವರದ ಜನರು ಸ್ವರ್ಣಾ, ಸೀತಾ ನದಿಗಳನ್ನು ಸೇತುವೆಯ ಮೇಲೆ ಸುಖವಾಗಿ ದಾಟುವರು. ತಮ್ಮ ಮನೆಯೆದುರಿನ ರಸ್ತೆಯನ್ನು ದಾಟಲು ಮಾತ್ರ ಜೀವವನ್ನು ಕೈಯಲ್ಲಿ ಹಿಡಿದು ನಿಲ್ಲುವರು. ಆದುದರಿಂದಲೇ ಪಕ್ಕದ ರಸ್ತೆ ಬೇಕು, ಕೆಳಸೇತುವೆ ಬೇಕು, ಬೀದಿದೀಪ ಬೇಕು, ಬಸ್ಸು ನಿಲ್ಲಲು ಸುರಕ್ಷಿತವಾದ ತಾಣ ಬೇಕು ಎಂಬ ಬೇಡಿಕೆಗಳು ಹುಟ್ಟಿದುವು. ವೇಗವಾಗಿ ಹೋಗುವ ವಾಹನದಲ್ಲಿ ಕುಳಿತವನಿಗೆ ಇವು ಸಣ್ಣ ವಿಷಯಗಳಾಗಿ ತೋರಬಹುದು. ದಿನಕ್ಕೆರಡು ಬಾರಿ ಪುಸ್ತಕದ ಚೀಲವನ್ನು ಹೊತ್ತು ಆ ರಸ್ತೆಯನ್ನು ದಾಟುವ ಬಾಲಕನಿಗೆ ಇವುಗಳಿಗಿಂತ ದೊಡ್ಡ ವಿಷಯ ಬೇರೊಂದಿಲ್ಲ.

ಪ್ರಕೃತಿಯೂ ತನ್ನ ಮಾತನ್ನು ಹೇಳದೆ ಇರುವುದಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ನಡುವೆ ಇರುವ ನೆಲದ ಪಟ್ಟಿ ಅತಿ ಕಿರಿದಾದುದು. ನೋಡುವವರಿಗೆ ಅದು ರಮಣೀಯ ದೃಶ್ಯ. ರಸ್ತೆಯನ್ನು ಕಾಯುವವರಿಗೆ ಅದು ನಿತ್ಯದ ಚಿಂತೆ. ಮಳೆಗಾಲದಲ್ಲಿ ಕಡಲು ದಡವನ್ನು ಕೊರೆಯುತ್ತದೆ. ರಸ್ತೆ ಪೂರ್ವಕ್ಕೆ ಸರಿಯೋಣವೆಂದರೆ ಅಲ್ಲಿ ನದಿಯಿದೆ. ಆದುದರಿಂದ ಕಲ್ಲುಬಂಡೆಗಳ ತಡೆಗಳನ್ನು ಕಡಲಿನೊಳಕ್ಕೆ ಚಾಚುವಂತೆ ಕಟ್ಟಿ ಅಲೆಗಳ ಬಲವನ್ನು ಮುರಿಯಬೇಕಾಯಿತು.

ಗುಡ್ಡಗಳ ಸ್ಥಿತಿಯೂ ಹೀಗೆಯೇ. ಕರಾವಳಿಯ ಗುಡ್ಡಗಳಲ್ಲಿ ಮೇಲೆ ಮುರಕಲ್ಲಿನ ಗಟ್ಟಿಯಾದ ಪದರವಿರುತ್ತದೆ. ಅದರ ಕೆಳಗೆ ಹೆಚ್ಚಾಗಿ ನುಣುಪಾದ ಶೇಡಿಮಣ್ಣು ಇರುತ್ತದೆ. ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದರೆ ಈ ಶೇಡಿಮಣ್ಣು ಹೊರಗೆ ತೆರೆದುಕೊಳ್ಳುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ನೀರು ಒಳಗಿಳಿದು ಮಣ್ಣು ಜಾರುತ್ತದೆ. ಮೇಲಿನ ಕಲ್ಲು, ಮರಗಳು ಅದರೊಡನೆ ಉರುಳುತ್ತವೆ. ಬೈಂದೂರಿನ ಒತ್ತಿನೆಣೆ ಗುಡ್ಡವನ್ನು ಹೆದ್ದಾರಿಗಾಗಿ ಕತ್ತರಿಸಿದಾಗ ಇಂತಹ ಕುಸಿತವು ಉಂಟಾಯಿತು. 2024ರ ಜುಲೈ 16ರಂದು ಇದೇ 66ರ ಮೇಲೆ ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಪ್ರಾಣವನ್ನು ಕಳೆದುಕೊಂಡರು. ಬೈಂದೂರಿನ ಶಿರೂರು ಬೇರೆ, ಆ ಶಿರೂರು ಬೇರೆ. ಆದರೆ ಮಣ್ಣಿನ ಸ್ವಭಾವವೂ ಮಳೆಯ ಬಿರುಸೂ ಎರಡು ಕಡೆಗಳಲ್ಲಿಯೂ ಒಂದೇ. ಅದೇ ವರ್ಷದ ಆಗಸ್ಟ್ 7ರ ರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ದಾರಿ ಪೂರ್ತಿಯಾಗಿ ಕಡಿದುಹೋಗಲಿಲ್ಲ. ಕಟ್ಟಿದ್ದನ್ನು ಕಾಪಾಡುವುದೂ ಕಟ್ಟುವುದರಷ್ಟೇ ಮುಖ್ಯವೆಂಬುದನ್ನು ಈ ಘಟನೆಗಳು ತಿಳಿಸುತ್ತವೆ.

ಸಂಖ್ಯೆಗಳು ಬದಲಾದವು, ಇನ್ನು ಮುಂದೆಯೂ ಬದಲಾಗಬಹುದು. ಆಡಳಿತದ ಗಡಿಗಳೂ ಹಾಗೆಯೇ. ಅಂದಿನ ದಕ್ಷಿಣ ಕನ್ನಡದ ಈ ಭಾಗವು 1997ರಲ್ಲಿ ಉಡುಪಿ ಜಿಲ್ಲೆಗೆ ಸೇರಿತು. ಕುಂದಾಪುರ ತಾಲ್ಲೂಕಿನಲ್ಲಿದ್ದ ಬೈಂದೂರೂ, ಉಡುಪಿ ತಾಲ್ಲೂಕಿನಲ್ಲಿದ್ದ ಬ್ರಹ್ಮಾವರವೂ 2018ರಲ್ಲಿ ಸ್ವತಂತ್ರ ತಾಲ್ಲೂಕುಗಳಾದುವು. ಕಡವಿನ ದೋಣಿ ಹೋಗಿ ಸೇತುವೆ ಬಂದಿತು; ಸೇತುವೆಯ ಪಕ್ಕದಲ್ಲಿ ಇನ್ನೊಂದು ಸೇತುವೆ ಬಂದಿತು. ಪ್ರತಿಯೊಂದು ಬದಲಾವಣೆಯೂ ಕೆಲವರನ್ನು ಹತ್ತಿರಕ್ಕೆ ತಂದಿತು, ಕೆಲವರನ್ನು ದೂರಕ್ಕೆ ತಳ್ಳಿತು. ಆದುದರಿಂದ ಹೊಸ ರಸ್ತೆಯನ್ನು ಯೋಜಿಸುವವರು ಎರಡು ಲೆಕ್ಕಗಳನ್ನು ಇಡಬೇಕಾಗುತ್ತದೆ. ಪನವೇಲಿನಿಂದ ಕನ್ಯಾಕುಮಾರಿಗೆ ಹೋಗುವವನು ಎಷ್ಟು ಬೇಗ ತಲುಪುವನು ಎಂಬುದು ಒಂದು. ಆ ರಸ್ತೆಯ ಬದಿಯಲ್ಲಿ ಬಾಳುವವನು ಅದನ್ನು ಎಷ್ಟು ನಿರ್ಭಯವಾಗಿ ದಾಟುವನು ಎಂಬುದು ಇನ್ನೊಂದು. ಏಳು ಶತಮಾನಗಳ ಹಿಂದಿನ ದಾರಿಯಲ್ಲಿ ವೇಗವಿರಲಿಲ್ಲ. ಆದರೆ ಅರ್ಧ ಮೈಲಿಗೊಮ್ಮೆ ನೆರಳೂ ನೀರೂ ಇದ್ದುವು. ಇಂದಿನ ಹೆದ್ದಾರಿಗೆ ವೇಗ ಬಂದಿದೆ. ಅದರ ಬದಿಯಲ್ಲಿ ನಡೆಯುವವರ ಮೇಲಿನ ಅಂತಹ ಕಾಳಜಿಯೂ ಅದರೊಡನೆ ಸೇರಿದಾಗಲೇ ಅದು ನಾಡಿನವರೆಲ್ಲರ ರಸ್ತೆಯಾಗುವುದು.